ಗುಣವಾಗದ ನೋವಿನ ಮುಂದೆ ನಿರೀಕ್ಷೆಯ ಮಾತು

ಪ್ರಶ್ನೆ (ಬದಿಯಡ್ಕ, ಕೇರಳದ ಕಾಸರಗೋಡು ಜಿಲ್ಲೆ): ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುತ್ತ ಹಾಸಿಗೆ ಹಿಡಿದಿರುವ ಯುವಕನೊಬ್ಬನ ತಾಯಿಯ ಮುಂದೆ ಕ್ರಿಸ್ತನ ನಿರೀಕ್ಷೆಯ ಮಾತನ್ನು ಹೇಗೆ ಆಡಲಿ?

ಉತ್ತರ (ಕುಂಬಳೆ): ಮೊದಲು ಆಕೆ ಹೊರಗೆ ಹೋಗಿ ಬರುವಷ್ಟು ಹೊತ್ತು ನೀವು ಅವನ ಬಳಿ ಕುಳಿತುಕೊಳ್ಳಿ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನು ಬೈಬಲಿನ ತನ್ನ ಪತ್ರದಲ್ಲಿ ಬರೆದದ್ದು, ಹಸಿದವರನ್ನು ಬರಿಯ ಹಾರೈಕೆಯಿಂದ ಕಳುಹಿಸುವವರನ್ನು ಕುರಿತೇ.

ಉತ್ತರ (ಬೇಳ): ಒಪ್ಪುತ್ತೇನೆ, ಆದರೆ ಪ್ರಾರ್ಥನೆಯನ್ನು ಬಿಡಬೇಕಿಲ್ಲ. ನಮ್ಮ ಇಗರ್ಜಿ ಶೋಕಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಹೆಸರಿನದು. ಶಿಲುಬೆಯ ಬಳಿ ಮರಿಯಳು ಏನನ್ನೂ ವಿವರಿಸದೆ ನಿಂತಿದ್ದಳು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಕಾಣದಿರುವುದಕ್ಕಾಗಿ ತಾಳ್ಮೆಯಿಂದ ಕಾಯಬೇಕೆನ್ನುವ ಪೌಲನೇ ಸೃಷ್ಟಿಯೆಲ್ಲ ನರಳುತ್ತಿದೆ ಎಂದೂ ಹೇಳುತ್ತಾನೆ. ಆದ್ದರಿಂದ ಆ ತಾಯಿಯ ಸಿಟ್ಟನ್ನು ಅವಿಶ್ವಾಸವೆಂದು ತಿದ್ದಲು ಹೋಗಬೇಡಿ.

ಉತ್ತರ (ಮಂಜೇಶ್ವರ): ಎಂಡೋಸಲ್ಫಾನ್ ಸಂತ್ರಸ್ತರ ಪಿಂಚಣಿಯ ಕಾಗದಪತ್ರಗಳಿದ್ದರೆ ಮಲಯಾಳ ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಕನ್ನಡ ಮಾತ್ರ ಬಲ್ಲ ಮನೆಗಳಿಗೆ ಇದೂ (ನನ್ನ ಮಟ್ಟಿಗೆ ಇದೇ) ಸುವಾರ್ತೆ.