ಅಪ್‌ಡೇಟ್: ನ್ಯಾನೊಟ್ಯೂಬ್ ಸ್ಟ್ರೆಸ್ ಗ್ರಾಫ್ ಸರಿಹೋಯಿತು

ಪರಮಾಣುಗಳ ಚಲನೆ ಲೆಕ್ಕಹಾಕುವ ಲ್ಯಾಂಪ್ಸ್ (LAMMPS) ಸಾಫ್ಟ್‌ವೇರ್‌ನಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಎಳೆದರೆ, ತುಂಡಾಗುವ ಮುಂಚೆ ಸ್ಟ್ರೆಸ್ ಸುಮ್‌ಸುಮ್ನೆ ಮೇಲಕ್ಕೆ ಹಾರುತ್ತದೆ, ಯಾಕೆ ಎಂದು ಹಿಂದೆ ಕೇಳಿದ್ದೆನಲ್ಲ, ಬಗೆಹರಿಯಿತು. ಟೈಮ್‌ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ) ಇಳಿಸಿದ್ದು, ನಿಧಾನವಾಗಿ ಎಳೆದದ್ದು ಎರಡೂ ಉಪಯೋಗಕ್ಕೆ ಬರಲಿಲ್ಲ. ರನ್‌ಗೆ ಹೊತ್ತು ಜಾಸ್ತಿ ಹಿಡಿಯಿತು, ಅಷ್ಟೇ. ಕೆಲಸ ಮಾಡಿದ್ದು ಕಟ್‌ಆಫ್ (ಬಾಂಡ್‌ನ ಬಲವನ್ನು ಸೊನ್ನೆಗಿಳಿಸುವ ದೂರ) ಬದಲಿಸುವ ಸಲಹೆ, ಹೇಳಿದವರಿಗೆ ಥ್ಯಾಂಕ್ಸ್. ಎಐರೆಬೊ (AIREBO, ಪರಮಾಣುಗಳ ನಡುವಿನ ಬಲದ ಮಾದರಿ) ಫೈಲ್‌ನಲ್ಲಿ ಕಾರ್ಬನ್-ಕಾರ್ಬನ್ ಕಟ್‌ಆಫ್ 1.7 ಆಂಗ್‌ಸ್ಟ್ರಾಮ್‌ಗೆ ಶುರುವಾಗಿ 2ಕ್ಕೆ ಮುಗಿಯುತ್ತದೆ. ಬಾಂಡ್ 1.7 ದಾಟಿತೋ, ಈ ಇಳಿಕೆ ಮಾಡುವ ಸ್ವಿಚಿಂಗ್ ಫಂಕ್ಷನ್, ನಿಜವಾಗಿ ಇಲ್ಲದ ಬಲವನ್ನು ತಂದು ಸೇರಿಸುತ್ತದೆ. ಆ 1.7 ಅನ್ನೂ 2 ಮಾಡಿದೆ, ಗ್ರಾಫ್‌ನ ಗೂನು ಮಾಯ.

ಇನ್ನೊಂದು ಗೊತ್ತಾಯಿತು. ಯಂಗ್ಸ್ ಮಾಡ್ಯುಲಸ್ (ಎಳೆತಕ್ಕೆ ಹಿಗ್ಗದ ಬಿಗಿತದ ಅಳತೆ) ಒಬ್ಬರಿಗೆ 1 ಟೆರಾಪ್ಯಾಸ್ಕಲ್, ಇನ್ನೊಬ್ಬರಿಗೆ 5.5 ಬರುವುದು ಬಹುಪಾಲು ಲೆಕ್ಕಕ್ಕೆ ಹಾಕುವ ಟ್ಯೂಬ್ ಗೋಡೆಯ ದಪ್ಪದಿಂದ. 0.34 ನ್ಯಾನೊಮೀಟರ್ ಹಾಕಿದರೆ ಮೊದಲನೆಯದು, 0.066 ಹಾಕಿದರೆ ಎರಡನೆಯದು. ಮಾಡ್ಯುಲಸ್ಸನ್ನು ದಪ್ಪದಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ ಒಂದೇ, ಅಲ್ವಾ? ದಪ್ಪ ಎಷ್ಟೆಂದು ಬರೆಯದ ಪೇಪರ್‌ಗಳನ್ನು ನಾನಂತೂ ಬದಿಗಿಟ್ಟಿದ್ದೇನೆ.