ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಬೇಕಾ? ನೀವೇನು ಹೇಳುತ್ತೀರಿ?

ಮೂಡಿಗೆರೆ ಹುಡುಗ:
ನಮ್ಮ ಕಡೆ ಕಾಫಿ ತೋಟದ ಮಧ್ಯೆ ನಾಲ್ಕು ಗಾಂಜಾ ಗಿಡ ಬೆಳೆದರೂ ಕೇಸ್. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತು ತಡೆಯುವ ಕಾನೂನು) ಬೆಳೆದವರಿಗೆ 10 ವರ್ಷದವರೆಗೆ ಜೈಲು ಇದೆ. ಬಾರ್ ಮಾತ್ರ ಊರೂರಲ್ಲೂ ಇದೆ. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲೇ ಮಾರುತ್ತಾರೆ. ಇಲ್ಲೂ ಬಿಡಬಹುದು ಅಲ್ವಾ?

ಸಕಲೇಶಪುರ ಟೀಚರ್:
ಬೇಡವೇ ಬೇಡ. ಹದಿಹರೆಯದಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಆಗ ಶುರುವಾದರೆ ನೆನಪು, ಗಮನ, ಓದು ಎಲ್ಲಕ್ಕೂ ಪೆಟ್ಟು. ಬಾರ್ ಇದೆ ಅಂತ ಇನ್ನೊಂದು ಚಟಕ್ಕೂ ಬಾಗಿಲು ತೆಗೆಯುವುದು ಯಾವ ನ್ಯಾಯ?

ಹಾಸನ ವಕೀಲ:
ಮೇಡಂ, ನಿಮ್ಮ ಆತಂಕ ಸರಿ. ಆದರೆ ಕಾನೂನು ಏನಿದೆ ಅಂತ ನೋಡೋಣ. ಕಾಯ್ದೆಯ ಪ್ರಕಾರ ಗಿಡದ ಹೂ, ಕಾಯಿ ಬಿಡುವ ತುದಿಯೇ ಗಾಂಜಾ. ತುದಿ ಇಲ್ಲದೆ ಬರೀ ಎಲೆ, ಬೀಜ ಇದ್ದರೆ ಅದರಲ್ಲಿ ಬರುವುದಿಲ್ಲ, ಹಾಗಾಗಿಯೇ ಉತ್ತರದ ಕೆಲವು ರಾಜ್ಯಗಳಲ್ಲಿ ಭಾಂಗ್ (ಇದೇ ಗಿಡದ ಎಲೆಯಿಂದ ಮಾಡುವ ಅಮಲು ಪದಾರ್ಥ) ಅಂಗಡಿಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. 1 ಕೆಜಿವರೆಗೆ ಅಲ್ಪ ಪ್ರಮಾಣ, 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ. ಸಣ್ಣ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋದರೆ 64ಎ ಕಲಮು ರಕ್ಷಣೆ ಕೊಡುತ್ತದೆ. ಇದು ಜಾಸ್ತಿ ಜನರಿಗೆ ಗೊತ್ತೇ ಇಲ್ಲ! ಮಾರಾಟಕ್ಕೆ ಬಿಡುವುದು ನನಗೂ ಇಷ್ಟವಿಲ್ಲ, ಆದರೆ ಸೇದಿದ ಹುಡುಗನನ್ನು ಜೈಲಿಗೆ ಹಾಕಿದರೆ ಅವನ ಬದುಕೇ ಹಾಳು.

ಮೂಡಿಗೆರೆ ಹುಡುಗ:
64ಎ ವಿಷಯ ಗೊತ್ತಿರಲಿಲ್ಲ ಸರ್, ಥ್ಯಾಂಕ್ಸ್. ಉತ್ತರಾಖಂಡದಲ್ಲಿ ನಾರಿಗಾಗಿ ಅಮಲು ಕಡಿಮೆ ಇರುವ ತಳಿ ಬೆಳೆಯಲು ಲೈಸೆನ್ಸ್ ಕೊಡುತ್ತಾರಂತಲ್ಲ, ಅದನ್ನಾದರೂ ನಮ್ಮ ರೈತರಿಗೆ ಕೊಡಲಿ.