ಅಪ್‌ಡೇಟ್: ಸೆಪ್ಟಿಕ್ ಟ್ಯಾಂಕ್ ಬಿಟ್ಟು ನೇರ ಯುಜಿಡಿ (ಒಳಚರಂಡಿ) ಸಂಪರ್ಕ

ಮೈಸೂರಿನ ನಮ್ಮ ಬಡಾವಣೆಗೆ ಯುಜಿಡಿ ಬಂದಿದೆ, ಹಳೆಯ ಸೆಪ್ಟಿಕ್ ಟ್ಯಾಂಕ್ ಮೂಲಕವೇ ಸಂಪರ್ಕ ಕೊಡಬಹುದೇ ಎಂದು ಕೇಳಿದ್ದೆ. ಬೇಡವೆಂದವರ ಮಾತೇ ಸರಿ, ನೇರವಾಗಿ ಜೋಡಿಸಿದ್ದೇವೆ.

ಮನೆಯ ಚೇಂಬರಿನಿಂದ ಬೀದಿಯ ಮ್ಯಾನ್‌ಹೋಲ್‌ಗೆ 12 ಮೀಟರ್, 110 ಮಿ.ಮೀ. ಪಿವಿಸಿ ಪೈಪು. 60ಕ್ಕೆ 1ರ ಇಳಿಜಾರು, ಅಂದರೆ ಒಟ್ಟು 20 ಸೆಂ.ಮೀ. ಅಗೆಯುವ ಮುನ್ನವೇ ಲೆವೆಲ್ ಟ್ಯೂಬ್ (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಎರಡೂ ತುದಿಯ ಮಟ್ಟ ನೋಡಲೇಬೇಕು. ಇಳಿಜಾರು ಸಾಲದಿದ್ದರೆ ಗಟ್ಟಿ ಮಲ ತಳದಲ್ಲೇ ಉಳಿದು ಪೈಪು ಕಟ್ಟಿಕೊಳ್ಳುತ್ತದೆ.

ಹಳೆಯ ಟ್ಯಾಂಕನ್ನು ಸಕ್ಕಿಂಗ್ ಯಂತ್ರದಿಂದ ಖಾಲಿ ಮಾಡಿಸಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ತುಂಬಿಸಿ. ಒಳಗೆ ಯಾರನ್ನೂ ಇಳಿಸಬೇಡಿ, ದಯವಿಟ್ಟು. ವಿಷಾನಿಲಕ್ಕೆ ಜೀವ ಹೋಗುತ್ತದೆ.

ಕುಡಿಯುವ ನೀರಿನ ಪೈಪು ಈ ಯುಜಿಡಿ ಪೈಪನ್ನು ದಾಟುವ ಕಡೆ ಅದರ ಮೇಲೇ ಇರಲಿ, ಅಲ್ಲಿ ಜಾಯಿಂಟ್ ಬೇಡ. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಸೋರುವ ಜಾಯಿಂಟಿನಿಂದ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ತಾರಸಿಯ ಮಳೆನೀರನ್ನೂ ಯುಜಿಡಿಗೆ ಬಿಡಬೇಡಿ.